ಅಚ್ಚಿನ ಮೊಳೆ ಮತ್ತು ಅರ್ಥ: ಱ, ೞಗಳ ವಿಚಾರ

ಹಳಗನ್ನಡ ಜೈನಕಾವ್ಯಗಳ ಸಂಪಾದನೆಯಲ್ಲಿ ಪಾಠಾಂತರಗಳಿಗೆ ಸಲ್ಲುವಷ್ಟು ಗಮನ ಅಚ್ಚಿನ ಮೊಳೆಗಳಿಗೆ ಸಲ್ಲುವುದಿಲ್ಲ. ಱ, ೞಗಳಿಗೆ ಬದಲಾಗಿ ರ, ಳಗಳನ್ನು ಹಾಕಿದ ಮುದ್ರಣಗಳಲ್ಲಿ ಈ ಉಪೇಕ್ಷೆಯ ಫಲ ಕಾಣುತ್ತದೆ. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಶತ್ರು. ಜ್ಞಾನವನ್ನೂ ಕರ್ಮವೆಂಬ ವೈರಿಯನ್ನೂ ಒಂದೆಡೆ ಹೇಳುವ ಸಂದರ್ಭ ಜೈನಗ್ರಂಥಗಳಲ್ಲಿ ಅಪರೂಪವಲ್ಲ. ಅಲ್ಲಿ ಎರಡಕ್ಕೂ ಒಂದೇ ಮೊಳೆ ಬಿದ್ದರೆ ಓದುಗನು ತಡವರಿಸುತ್ತಾನೆ. ‘ಬಾೞ್’ ಜೀವಿಸು, ‘ಬಾಳ್’ ಖಡ್ಗ. ‘ಅೞಿ’ ನಾಶವಾಗು, ‘ಅಳಿ’ ದುಂಬಿ. ಅನಿತ್ಯಾನುಪ್ರೇಕ್ಷೆಯ ಗಾಂಭೀರ್ಯದ ನಡುವೆ ದುಂಬಿ ಸುಳಿದರೆ ರಸಭಂಗವಾಗದೆ ಇರುವುದೇ?

ಕೇಶಿರಾಜನು 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿದುದು, ಬಳಕೆಯಲ್ಲಿ ಆ ಭೇದ ಮಸುಳುತ್ತಿದ್ದುದರಿಂದಲೇ ಇರಬೇಕು. ಕಿಟ್ಟೆಲ್ಲರ 1894ರ ನಿಘಂಟು ಈ ಎರಡು ಅಕ್ಷರಗಳಿಗೂ ಪ್ರತ್ಯೇಕ ಮೊಳೆಗಳನ್ನು ಬಳಸಿತು. ಆದುದರಿಂದ ಮೊಳೆ ದೊರೆಯದೆಂಬ ಸಮಾಧಾನ ಎಲ್ಲ ಕಾಲಕ್ಕೂ ಸಲ್ಲದು. ಇಂದಿನ ಗಣಕದಲ್ಲಿಯೂ ಎರಡಕ್ಕೂ ಸ್ಥಾನವಿದೆ. ಯೂನಿಕೋಡಿನಲ್ಲಿ ೞಕ್ಕೆ ‘ಫಾ’ ಎಂಬ ತಪ್ಪು ಹೆಸರು ಅಂಟಿ, ಅನಂತರ ತಿದ್ದುಪಡಿಯ ಹೆಸರೊಂದನ್ನು ಸೇರಿಸಬೇಕಾದುದು ವಿನೋದದ ಸಂಗತಿ.

ಆದರೆ ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಈಚಿನ ಓಲೆಪ್ರತಿಗಳ ಲಿಪಿಕಾರರು ತಮ್ಮ ಕಾಲದ ಉಚ್ಚಾರಣೆಯಂತೆ ಳಕಾರವನ್ನೇ ಬರೆದಿರುವಲ್ಲಿ ಸಂಪಾದಕನು ಏನನ್ನೂ ಸೂಚಿಸದೆ ೞಕಾರವನ್ನು ಅಚ್ಚುಹಾಕಿಸಿದರೆ, ಓದುಗನು ಅದನ್ನು ಓಲೆಯ ಸಾಕ್ಷ್ಯವೆಂದೇ ನಂಬುತ್ತಾನೆ. ಪದ್ಯದ ಪ್ರಾಸಸ್ಥಾನದಲ್ಲಾದರೆ ಛಂದಸ್ಸಿನ ಆಧಾರವಿರುತ್ತದೆ. ಗದ್ಯದಲ್ಲಿ ಅದೂ ಇಲ್ಲ. ಪ್ರತಿಯಲ್ಲಿರುವ ರೂಪವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸದಿದ್ದರೆ, ಅಚ್ಚಾದ ರೂಪವು ಪಾಠವೋ ಊಹೆಯೋ ಎಂದು ನಿರ್ಣಯಿಸುವ ಉಪಾಯವೇ ಉಳಿಯುವುದಿಲ್ಲ.