ತಪ್ಪಿದ ಗುಂಡಿನ ಎರಡು ಕಥನಗಳು

ಫ್ರಾನ್ಸಿನ ಮಾಜಿ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ 1970ರ ನವೆಂಬರ್‌ನಲ್ಲಿ ತಮ್ಮ ಮನೆಯಲ್ಲೇ ಸಹಜವಾಗಿ ತೀರಿಕೊಂಡರು. ಮರುವರ್ಷ ಪ್ರಕಟವಾದ ಫ್ರೆಡರಿಕ್ ಫೋರ್ಸಿತ್ ಅವರ ‘ದಿ ಡೇ ಆಫ್ ದಿ ಜಾಕಲ್’ 1963ರಲ್ಲಿ ಅವರನ್ನು ಕೊಲ್ಲಲು ಹೂಡಿದ ಕಲ್ಪಿತ ಸಂಚಿನ ಕಾದಂಬರಿ. ಗುಂಡು ಗುರಿ ಮುಟ್ಟುವುದಿಲ್ಲ ಎಂಬುದು ಪುಸ್ತಕ ತೆರೆಯುವ ಮೊದಲೇ ಓದುಗರಿಗೆ ಗೊತ್ತಿತ್ತು. ಹಾಗಾಗಿ ಕೊಲೆ ಆಗುತ್ತದೆಯೇ ಎಂಬ ಪ್ರಶ್ನೆಗಿಂತ ಅದಕ್ಕೆ ತಯಾರಿ ಹೇಗೆ ನಡೆಯುತ್ತದೆ ಎಂಬುದೇ ಇಲ್ಲಿ ಕುತೂಹಲದ ಬೇರು. 1973ರಲ್ಲಿ ಇದನ್ನು ತೆರೆಗೆ ತಂದ ಫ್ರೆಡ್ ಜಿನ್ನೆಮನ್ ಅದೇ ಬೇರನ್ನು ಹಿಡಿದರೂ ಬೇರೆ ದಾರಿ ತುಳಿದರು.

ಕಥೆಯ ಹಿನ್ನೆಲೆ ನಿಜ ಇತಿಹಾಸ. ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ಕೊಟ್ಟದ್ದನ್ನು ದ್ರೋಹವೆಂದು ಬಗೆದ ಸೇನಾಧಿಕಾರಿಗಳು ಓಎಎಸ್ ಎಂಬ ಗುಪ್ತ ಸಂಘಟನೆಯಲ್ಲಿದ್ದರು. 1962ರ ಆಗಸ್ಟ್ 22ರಂದು ಪ್ಯಾರಿಸ್ ಹೊರವಲಯದ ಪೆಟೀ ಕ್ಲಮಾರ್‌ನಲ್ಲಿ ಡಿ ಗಾಲ್ ಕಾರಿನ ಮೇಲೆ ಗುಂಡಿನ ಮಳೆ ಸುರಿಯಿತು, ಅವರು ಪಾರಾದರು. ದಾಳಿಯ ಮುಂದಾಳು ಬಾಸ್ತಿಯಾಂ ತಿರಿಯನ್ನು 1963ರ ಮಾರ್ಚ್ 11ರಂದು ಗುಂಡಿಕ್ಕಿ ಕೊಲ್ಲಲಾಯಿತು. ಆ ಕಾಲದಲ್ಲಿ ರಾಯಿಟರ್ಸ್ ವರದಿಗಾರರಾಗಿ ಪ್ಯಾರಿಸ್‌ನಲ್ಲಿದ್ದ ಫೋರ್ಸಿತ್, ಮುಂದೆ 35 ದಿನಗಳಲ್ಲಿ ಕಾದಂಬರಿ ಬರೆದು ಮುಗಿಸಿದರು. ಅವರ ಕಲ್ಪನೆ ಶುರುವಾಗುವುದು ಈ ಮರಣದಂಡನೆಯ ಆಚೆಗೆ: ಓಎಎಸ್ ಐದು ಲಕ್ಷ ಡಾಲರ್‌ಗೆ ಹೊರಗಿನ ಹಂತಕನೊಬ್ಬನನ್ನು ಗೊತ್ತುಮಾಡುತ್ತದೆ.

ಪುಸ್ತಕದ ಶಕ್ತಿ ಅದರ ವರದಿಗಾರಿಕೆಯ ಧಾಟಿ. ಶೈಶವದಲ್ಲೇ ತೀರಿಕೊಂಡ ಮಗುವಿನ ಜನನ ಪ್ರಮಾಣಪತ್ರದಿಂದ ಪಾಸ್‌ಪೋರ್ಟ್ ಪಡೆಯುವ ಬಗೆ, ಬಂದೂಕನ್ನು ಊರುಗೋಲಿನ ಕೊಳವೆಯೊಳಗೆ ಅಡಗಿಸುವ ಬಗೆ, ಫ್ರೆಂಚ್ ಭದ್ರತಾ ಇಲಾಖೆಗಳ ಒಳಜಗಳ, ಎಲ್ಲಕ್ಕೂ ವಿವರಣೆ ಉಂಟು. ಗೃಹಮಂತ್ರಿ ರೋಜೆ ಫ್ರೇ ಸ್ವಂತ ಹೆಸರಿನಲ್ಲೇ ಪಾತ್ರವಾಗುತ್ತಾರೆ. ಚಿತ್ರದಲ್ಲಿ ಮಂತ್ರಿಗೆ ಹೆಸರಿಲ್ಲ.

ಜಿನ್ನೆಮನ್ ವಿವರಣೆಯನ್ನು ಕಳಚಿ ಕೆಲಸವನ್ನಷ್ಟೇ ಉಳಿಸಿಕೊಂಡರು. ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಮರಕ್ಕೆ ಕಲ್ಲಂಗಡಿ ತೂಗುಹಾಕಿ ಗುರಿ ಸರಿಪಡಿಸಿಕೊಳ್ಳುವ ದೃಶ್ಯದಲ್ಲಿ ಮಾತೇ ಇಲ್ಲ: ಗುಂಡು, ತಿರುಪು, ಮತ್ತೆ ಗುಂಡು, ಕೊನೆಗೆ ಸಿಡಿಗುಂಡಿಗೆ ಹಣ್ಣು ಛಿದ್ರ. ಹೆಸರಾಂತ ತಾರೆಯ ಬದಲು ಆಗ ಅಷ್ಟೇನೂ ಪರಿಚಿತರಲ್ಲದ ಎಡ್ವರ್ಡ್ ಫಾಕ್ಸ್ ಅವರನ್ನು ಹಂತಕನ ಪಾತ್ರಕ್ಕೆ ಆರಿಸಿದ್ದೂ ಇದೇ ಲೆಕ್ಕಾಚಾರ. ಗುಂಪಿನಲ್ಲಿ ಕರಗಬೇಕಾದವನಿಗೆ ಎಲ್ಲರೂ ಬಲ್ಲ ಮುಖ ಒಗ್ಗದು. ಅವನನ್ನು ಬೆನ್ನಟ್ಟುವ ಪೊಲೀಸ್ ಅಧಿಕಾರಿ ಲೆಬೆಲ್ ಆಗಿ ಮೈಕೆಲ್ ಲಾನ್ಸ್‌ಡೇಲ್ ದಣಿದ ಗುಮಾಸ್ತನಂತೆ ಕಾಣುತ್ತಾರೆ; ಕಾದಂಬರಿಯ ಲೆಬೆಲ್ ಕೂಡ ಅಂಥವನೇ.

ಈ ಮಿತವ್ಯಯಕ್ಕೆ ಚಿತ್ರ ಬೆಲೆಯನ್ನೂ ತೆತ್ತಿದೆ. ಕಾದಂಬರಿಯಲ್ಲಿ ಓಎಎಸ್ ಅಂಗರಕ್ಷಕ ಕೊವಾಲ್ಸ್ಕಿಯನ್ನು ಫ್ರೆಂಚ್ ಗುಪ್ತಚರರು ಮಗಳ ಕಾಯಿಲೆಯ ಸುಳ್ಳು ಪತ್ರದಿಂದ ಮಾರ್ಸೇಗೆ ಕರೆಸಿ ಹಿಡಿಯುತ್ತಾರೆ. ಸರ್ಕಾರದ ಕಡೆಯವರೂ ಎಷ್ಟು ಕ್ರೂರಿಗಳೆಂದು ಓದುಗನಿಗೆ ನಾಟುವುದು ಇಲ್ಲಿಯೇ. ಚಿತ್ರದಲ್ಲಿ ಅವನ ಹೆಸರು ವೊಲೆನ್ಸ್ಕಿ. ರೋಮ್‌ನಲ್ಲಿ ನೇರ ಅಪಹರಣ, ಬಳಿಕ ಚಿತ್ರಹಿಂಸೆ. ಮಗಳೂ ಇಲ್ಲ, ಪತ್ರವೂ ಇಲ್ಲ. ಸಮಯ ಉಳಿಯಿತು, ಕರುಣೆ ಹೋಯಿತು.

ಆಗಸ್ಟ್ 25ರ ವಿಮೋಚನಾ ದಿನದ ಕೊನೆಯ ಘಟ್ಟದಲ್ಲಿ ಎರಡು ಮಾಧ್ಯಮಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಿವೃತ್ತ ಯೋಧನಿಗೆ ಪದಕ ತೊಡಿಸಿದ ಡಿ ಗಾಲ್ ಅವನ ಕೆನ್ನೆಗೆ ಮುತ್ತಿಡಲು ತಟ್ಟನೆ ಬಾಗುತ್ತಾರೆ, ಗುಂಡು ತಲೆಯ ಹಿಂದೆ ಹಾದುಹೋಗುತ್ತದೆ. ಫ್ರೆಂಚರ ಈ ವಾಡಿಕೆ ಹೊರನಾಡಿನ ಹಂತಕನಿಗೆ ಹೊಳೆಯಲಿಲ್ಲ ಎಂದು ಫೋರ್ಸಿತ್ ಬಿಡಿಸಿ ಹೇಳುತ್ತಾರೆ. ಸಕಲ ಲೆಕ್ಕ ಹಾಕಿದವನ ಒಂದೇ ಅಜ್ಞಾನ ಅದು, ವ್ಯಂಗ್ಯ ಇರುವುದೂ ಅಲ್ಲೇ. ಚಿತ್ರದಲ್ಲಿ ಬಾಗುವುದು ಕಾಣುತ್ತದೆ, ಕಾರಣ ಕೇಳಿಸುವುದಿಲ್ಲ. ನೋಡುಗನಿಗೆ ಅದು ಬರೀ ಅದೃಷ್ಟವೆನಿಸಬಹುದು.

ಕೈಕೆಲಸದ ಸೊಗಸಿನಲ್ಲಿ ಚಿತ್ರ ಮೇಲು, ರಾಜಕೀಯದ ಆಳದಲ್ಲಿ ಕಾದಂಬರಿ ಮೇಲು. ಎರಡನ್ನೂ ಸವಿಯಬೇಕೆನ್ನುವವರು ಪುಸ್ತಕವನ್ನು ಮೊದಲು ಓದುವುದು ಲೇಸು. ಚಿತ್ರ ಮೌನವಾಗಿ ದಾಟಿಸುವ ಕಡೆಗಳಲ್ಲೆಲ್ಲ ಆ ಓದು ನೆರವಿಗೆ ಬರುತ್ತದೆ.