ಮೂಗಿಲ್ಲದ ಗಾಡಿಯ ಗುಣ-ದೋಷ

ಕಾರಿನ ಯೋಗ್ಯತೆಯನ್ನು ಅಳೆಯುವವರು ಸಾಮಾನ್ಯವಾಗಿ ಅದರ ವೇಗವನ್ನು, ಹೊಳಪನ್ನು, ಮುಂಭಾಗದ ಠೀವಿಯನ್ನು ನೋಡುತ್ತಾರೆ. ಊರು ಬಿಟ್ಟು ಬಂದು ಮುಂಬಯಿ, ಪುಣೆಗಳಲ್ಲಿ ಸಂಸಾರ ಹೂಡಿದ ನಮ್ಮಂಥವರ ಅಳತೆಗೋಲೇ ಬೇರೆ. ಅಜ್ಜಿ ಕಷ್ಟಪಡದೆ ಹತ್ತಿ ಕೂರಬಲ್ಲರೆ? ಮಕ್ಕಳ ಜೊತೆಗೆ ಹಾಸಿಗೆಯ ಸುರುಳಿಗೂ, ಮರಳಿ ಬರುವಾಗ ತೆಂಗಿನಕಾಯಿ, ಕುಚ್ಚಲಕ್ಕಿಯ ಮೂಟೆಗಳಿಗೂ ಎಡೆಯುಂಟೆ? 1984ರಲ್ಲಿ ಬಂದ ಮಾರುತಿ ವ್ಯಾನು ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಟ್ಟಿತು. ಅದರ ಜನಪ್ರಿಯತೆಯ ಗುಟ್ಟು ಇದೇ ಎಂದು ನಾವು ಭಾವಿಸುತ್ತೇವೆ.

ಅದರ ಎಂಜಿನ್ ಮಾರುತಿ 800 ಕಾರಿನದೇ, 796 ಸಿ.ಸಿ.ಯದು. ಆದರೆ ಅದನ್ನು ಮುಂದಿನ ಆಸನಗಳ ಅಡಿಗೆ ಇಟ್ಟಿದ್ದರಿಂದ ಗಾಡಿಗೆ ಮೂಗೇ ಇಲ್ಲವಾಯಿತು. ಇದ್ದ ಉದ್ದವೆಲ್ಲ ಜನರ ಪಾಲಾಯಿತು. ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ. ವ್ಯಾನು ಸುಮಾರು 3.4 ಮೀಟರ್ ಮಾತ್ರ. ಪಕ್ಕಕ್ಕೆ ಸರಿಯುವ ಬಾಗಿಲಂತೂ ನಗರವಾಸಿಗೆ ವರದಾನವೇ ಸರಿ. ಗಾಡಿಗಳು ಒತ್ತೊತ್ತಾಗಿ ನಿಂತ ಕಾಂಪೌಂಡಿನಲ್ಲೂ ಅದು ತೆರೆದುಕೊಳ್ಳುತ್ತದೆ. ಹಿರಿಯರು ಒಳಗೆ ಕುರ್ಚಿಯ ಮೇಲೆ ಕುಳಿತಂತೆ ನೆಟ್ಟಗೆ ಕೂರಬಹುದು. 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದ ಈ ಗಾಡಿ 2019ರಲ್ಲಿ ತಯಾರಿಕೆ ನಿಲ್ಲುವವರೆಗೂ ಶಾಲೆಯ ಮಕ್ಕಳನ್ನು, ರೋಗಿಗಳನ್ನು, ತರಕಾರಿಯನ್ನು, ಮದುವೆಯ ದಿಬ್ಬಣವನ್ನು ಒಂದೇ ಸಮಚಿತ್ತದಿಂದ ಹೊತ್ತಿತು. ಹಿಂದಿ ಸಿನಿಮಾದ ಅಪಹರಣಕಾರರೂ ಇದನ್ನೇ ಮೆಚ್ಚಿದ್ದು ಆ ಬಾಗಿಲಿನ ಸೌಕರ್ಯಕ್ಕಾಗಿಯೇ ಇರಬೇಕು!

ಜನ ಬಯಸಿದ್ದು ಸ್ಥಳವನ್ನೇ ಹೊರತು ಆಡಂಬರವನ್ನಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನವುಂಟು. 2001ರಲ್ಲಿ ಅದೇ ಕಂಪನಿ ವರ್ಸಾ ಎಂಬ ದೊಡ್ಡ ವ್ಯಾನನ್ನು ತಂದಿತು. ಅಮಿತಾಭ್ ಮತ್ತು ಅಭಿಷೇಕ್ ಬಚ್ಚನ್ ಅವರೇ ಅದರ ಜಾಹೀರಾತಿಗೆ ಬಂದರು. ಆದರೂ ಬೆಲೆ ಹೆಚ್ಚಾಯಿತೆಂದು ಜನ ಹಿಂಜರಿದರು. ಮುಂದೆ 2010ರಲ್ಲಿ ಅದೇ ಒಡಲಿನಿಂದ ಅಲಂಕಾರವನ್ನು ಕಳೆದು, ಬೆಲೆ ತಗ್ಗಿಸಿ, ಈಕೋ ಎಂಬ ಹೆಸರಿನಿಂದ ಕೊಟ್ಟಾಗ ಅದು ಚೆನ್ನಾಗಿಯೇ ನಡೆಯಿತು.

ಇಷ್ಟು ಗುಣಗಾನ ಮಾಡಿದ ಮೇಲೆ ದೋಷವನ್ನು ಮರೆಮಾಚುವುದು ವಿಮರ್ಶೆಯೆನಿಸದು. ಆಸನದಡಿಯ ಎಂಜಿನ್ನಿನ ಬಿಸಿಯನ್ನೂ ಸದ್ದನ್ನೂ ಹೇಗೋ ಸಹಿಸಬಹುದು. ಆದರೆ ಓಮ್ನಿಯಲ್ಲಿ ಮುಂದೆ ಕುಳಿತವರ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಇದ್ದದ್ದು ತೆಳ್ಳನೆಯ ತಗಡು ಮಾತ್ರ. ಕಾರಿನ ಮೂಗು ಬರಿಯ ಅಲಂಕಾರವಲ್ಲ. ಡಿಕ್ಕಿಯಾದಾಗ ತಾನು ನುಜ್ಜುಗುಜ್ಜಾಗಿ ಒಳಗಿನವರನ್ನು ಉಳಿಸುವುದು ಅದರ ಕೆಲಸ. ಹಾಗೆ ಹೇಳಿದರೆ, ವ್ಯಾನು ನಮಗೆ ಕೊಟ್ಟ ಸ್ಥಳದ ಒಂದು ಪಾಲು ರಕ್ಷಣೆಯಿಂದ ಕಡ ತಂದದ್ದು. ಈಕೋವಿಗೆ ಪುಟ್ಟದೊಂದು ಮೂಗು ಬಂದಿತಾದರೂ, 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ವಯಸ್ಕರ ರಕ್ಷಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಏರ್‌ಬ್ಯಾಗುಗಳು ಬಂದದ್ದು ಆಮೇಲಿನ ವರ್ಷಗಳಲ್ಲಿ.

ಪೇಟೆಯೊಳಗೆ ನಿಧಾನವಾಗಿ ಓಡಾಡುವಾಗ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ರಜೆಗೆ ಮುಂಬಯಿಯಿಂದ ಮಂಗಳೂರಿನ ಕಡೆಗೆ ಸುಮಾರು 900 ಕಿಲೋಮೀಟರ್ ಹೊರಟಾಗ, ರಾತ್ರಿಯ ಘಾಟಿಯಲ್ಲಿ, ಹಗುರವಾದ ಎತ್ತರದ ಗಾಡಿಯೊಳಗೆ ಐವರ ಜಾಗದಲ್ಲಿ ಒಂಬತ್ತು ಮಂದಿ ತುಂಬಿಕೊಂಡಾಗ ಅದು ಪ್ರಾಣದ ಪ್ರಶ್ನೆಯಾಗುತ್ತದೆ. "ಇನ್ನೊಬ್ಬರು ಹಿಡಿಸುತ್ತಾರೆ, ಬನ್ನಿ" ಎಂಬ ಮಾತಿನಲ್ಲಿ ಪ್ರೀತಿಯಿದೆ, ನಿಜ. ಆದರೆ ಬೆಲ್ಟಿಲ್ಲದೆ ತೊಡೆಯ ಮೇಲೆ ಕುಳಿತ ಮಗುವನ್ನು ಆ ಪ್ರೀತಿ ಹಿಡಿದು ನಿಲ್ಲಿಸಲಾರದು.

ಹಾಗೆಂದು ವ್ಯಾನನ್ನು ತಿರಸ್ಕರಿಸಿರೆಂದು ನಾವು ಹೇಳುವುದಿಲ್ಲ. ಮನೆಮಂದಿಯನ್ನೆಲ್ಲ ಒಟ್ಟಿಗೆ ಕರೆದೊಯ್ಯಬೇಕೆಂಬ ಆಸೆ ಸಣ್ಣದಲ್ಲ. ಆ ಆಸೆಯನ್ನು ಕಡಿಮೆ ಬೆಲೆಯಲ್ಲಿ ಪೂರೈಸಿದ ಗಾಡಿಯೂ ಸಣ್ಣದಲ್ಲ. ಆದರೆ ಅಗ್ಗದ ಗಾಡಿ ಕೊಳ್ಳುವವನ ಮಕ್ಕಳ ಪ್ರಾಣ ಅಗ್ಗವಲ್ಲವೆಂಬುದನ್ನು ತಯಾರಕರೂ ಸರಕಾರವೂ ಮರೆಯಬಾರದು. ಕೊಳ್ಳುವವರು ಅಂಗಡಿಯಲ್ಲಿ "ಎಷ್ಟು ಮಂದಿ ಕೂರಬಹುದು?" ಎಂದು ತಪ್ಪದೆ ಕೇಳುತ್ತಾರೆ. ಅದರ ಬೆನ್ನಿಗೇ "ಡಿಕ್ಕಿಯಾದರೆ ಎಷ್ಟು ಮಂದಿ ಉಳಿಯುತ್ತಾರೆ?" ಎಂದೂ ಕೇಳುವಂತಾಗಲಿ.