ನರಕದಲ್ಲಿ ನೆನಪಾದ ಕಾವ್ಯ

ಮಹಾದುಃಖವನ್ನು ಅನುಭವಿಸಿ ಬದುಕಿ ಬಂದವನು ಬರೆದಿಟ್ಟ ಗ್ರಂಥವನ್ನು ಸಾಹಿತ್ಯದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತವೆ? ಲಕ್ಷಾಂತರ ಜನರ ಮರಣಕ್ಕೆ ಸಾಕ್ಷಿಯಾದವನ ಮಾತಿನಲ್ಲಿ ರಸವೇನು, ಧ್ವನಿಯೇನು ಎಂದು ಹುಡುಕುವುದು ನಿರ್ದಯವಾದ ಕೆಲಸವೆಂದು ವಾಚಕರಿಗೆ ತೋರಬಹುದು. ಪ್ರೀಮೊ ಲೆವಿಯ ‘ಇವನು ಮನುಷ್ಯನಾದರೆ’ ಎಂಬರ್ಥದ ಹೆಸರುಳ್ಳ ಇಟಾಲಿಯನ್ ಗ್ರಂಥವನ್ನು ಮೊದಲ ಸಲ ಓದಿದಾಗ ನಮಗೂ ಹಾಗೆಯೇ ತೋರಿತು. ಆದರೆ ಎರಡನೆಯ ಸಲ ಓದಲಾಗಿ, ಈ ಪ್ರಶ್ನೆಯನ್ನು ಗ್ರಂಥವು ತಾನೇ ಎತ್ತಿಕೊಂಡಿರುವುದು ಕಂಡುಬಂದಿತು. ಮನುಷ್ಯತ್ವವನ್ನು ಕಳೆಯುವುದಕ್ಕಾಗಿಯೇ ಕಟ್ಟಿದ ಸ್ಥಳದಲ್ಲಿ ಕಾವ್ಯಕ್ಕೇನು ಕೆಲಸವೆಂಬುದೇ ಅದರ ಒಂದು ಮುಖ್ಯ ವಿಚಾರವು.

ಲೆವಿಯು 1919ರಲ್ಲಿ ಟುರಿನ್ ನಗರದ ಯೆಹೂದಿ ಮನೆತನವೊಂದರಲ್ಲಿ ಹುಟ್ಟಿದವನು; ರಸಾಯನಶಾಸ್ತ್ರವನ್ನು ಓದಿದವನು. 1943ರ ಡಿಸೆಂಬರ್ ತಿಂಗಳಲ್ಲಿ ಫ್ಯಾಸಿಸ್ಟರ ಕೈಗೆ ಸಿಕ್ಕಿದ ಈತನನ್ನು 1944ರ ಫೆಬ್ರವರಿಯಲ್ಲಿ ಸುಮಾರು 650 ಮಂದಿಯೊಡನೆ ರೈಲುಬಂಡಿಗಳಲ್ಲಿ ತುಂಬಿ ಆಶ್ವಿಟ್ಜ್ ಶಿಬಿರಕ್ಕೆ ಸಾಗಿಸಿದರು. ಮುಟ್ಟಿದ ಎರಡು ದಿನಗಳೊಳಗೆ ಅವರಲ್ಲಿ ಐನೂರಕ್ಕೂ ಹೆಚ್ಚು ಜನರು ಸತ್ತುಹೋಗಿದ್ದರು. ಉಳಿದವರಿಗೆ ಹೆಸರು ಹೋಗಿ, ತೋಳಿನ ಮೇಲೆ ಹಚ್ಚೆಯಿಟ್ಟ ಸಂಖ್ಯೆಯೊಂದು ಬಂದಿತು. ಲೆವಿಯ ಸಂಖ್ಯೆ 174517. 1945ರ ಜನವರಿ 27ರಂದು ಸೋವಿಯತ್ ಸೈನ್ಯವು ಬಂದ ಮೇಲೆ ಶಿಬಿರವಾಸವು ಮುಗಿಯಿತು. ಹೆಸರಾದ ಪ್ರಕಾಶಕರೊಬ್ಬರು ಒಲ್ಲೆನೆಂದ ಈ ಗ್ರಂಥವು 1947ರಲ್ಲಿ ಚಿಕ್ಕ ಪ್ರಕಾಶಕರೊಬ್ಬರಿಂದ 2500 ಪ್ರತಿಗಳಾಗಿ ಅಚ್ಚಾಯಿತು. ಹನ್ನೊಂದು ವರ್ಷಗಳ ತರುವಾಯ, ಮೊದಲು ಒಲ್ಲೆನೆಂದವರೇ ಅದನ್ನು ಹೊಸದಾಗಿ ಪ್ರಕಟಿಸಿದರು.

ಗ್ರಂಥದ ಪ್ರಥಮ ಗುಣವು ಸಂಯಮ. ಮುಂಗಡೆಯಲ್ಲಿರುವ ಪದ್ಯವೊಂದರಲ್ಲಿ ಮಾತ್ರ ಶಾಪದ ಕಾಠಿಣ್ಯವುಂಟು. ಗದ್ಯದಲ್ಲಿ ಕೂಗಾಟವೂ ಇಲ್ಲ, ಗೋಳಾಟವೂ ಇಲ್ಲ. ರಸಾಯನಶಾಸ್ತ್ರಜ್ಞನು ದ್ರವ್ಯವನ್ನು ತೂಗುವಂತೆ ಈತನು ಪ್ರತಿಯೊಂದು ಮಾತನ್ನೂ ತೂಗಿ ಇಡುತ್ತಾನೆ. ಸಾಕ್ಷಿಯು ಸಮಚಿತ್ತದಿಂದ ನುಡಿಯಬೇಕು, ತೀರ್ಪು ಕೊಡುವವನು ವಾಚಕನು ಎಂಬುದು ಈತನ ನಿಲುವು. ಕರುಣರಸವನ್ನು ತರಬೇಕೆಂದು ಕರ್ತೃವೇ ಅಳತೊಡಗಿದರೆ ವಾಚಕನ ಕಣ್ಣೀರಿಗೆ ಎಡೆಯುಳಿಯುವುದಿಲ್ಲವೆಂಬ ತತ್ತ್ವಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ನಾವು ಕಂಡಿಲ್ಲ.

ಈ ಸಂಯಮಕ್ಕೆ ಇನ್ನೊಂದು ಕಾರಣವೂ ಉಂಟು. ನಾವು ಹಸಿವು, ಚಳಿ, ಆಯಾಸ ಎಂದು ಹೇಳುವ ಮಾತುಗಳು ಸ್ವತಂತ್ರರಾದವರು ತಮ್ಮ ಮನೆಗಳಲ್ಲಿ ಕುಳಿತು ಮಾಡಿಕೊಂಡವು. ಶಿಬಿರದ ಹಸಿವಿಗೆ ಆ ಮಾತು ಸಾಲದೆಂದು ಲೆವಿಯು ಹೇಳುತ್ತಾನೆ. ವಾಚ್ಯಾರ್ಥವು ಸೋತಲ್ಲಿ ವ್ಯಂಗ್ಯಾರ್ಥವು ತಲೆಯೆತ್ತುವುದೆಂದು ನಮ್ಮ ಆಲಂಕಾರಿಕರು ಬಲ್ಲರು. ಇಲ್ಲಿ ಅದು ಶಾಸ್ತ್ರದ ಮಾತಲ್ಲ, ಅನುಭವದ ಮಾತು. ಹಸಿವನ್ನು ವರ್ಣಿಸದೆ, ಸಾರಿನ ಹಂಡೆಯ ತಳಕ್ಕಾಗಿ ಸರದಿಯಲ್ಲಿ ಹಿಂದೆ ನಿಲ್ಲುವ ಮನುಷ್ಯನ ಲೆಕ್ಕಾಚಾರವನ್ನಷ್ಟೇ ಆತನು ಹೇಳುತ್ತಾನೆ. ತಳದಲ್ಲಿ ಗಟ್ಟಿಯಿರುತ್ತದೆ ಎಂಬಷ್ಟೇ ಮಾತು. ಮಿಕ್ಕುದನ್ನು ವಾಚಕನ ಹೃದಯವೇ ಪೂರೈಸಿಕೊಳ್ಳುತ್ತದೆ.

ಗ್ರಂಥದ ಹೃದಯವು ಯುಲಿಸಿಸನ ಹೆಸರಿನ ಅಧ್ಯಾಯದಲ್ಲಿದೆ. ಆಲ್ಸೇಸ್ ಪ್ರಾಂತದ ಝಾನ್ ಎಂಬ ತರುಣ ಕೈದಿಯೂ ಲೆವಿಯೂ ಸಾರಿನ ಹಂಡೆಯನ್ನು ಹೊತ್ತು ತರುವುದಕ್ಕಾಗಿ ಅಡಿಗೆಯ ಮನೆಯ ಕಡೆಗೆ ಹೊರಟಿರುತ್ತಾರೆ. ಝಾನನಿಗೆ ಇಟಾಲಿಯನ್ ಭಾಷೆಯನ್ನು ಕಲಿಯುವ ಆಸೆ. ಪಾಠಕ್ಕೆ ಲೆವಿಗೆ ಹೊಳೆದುದು ದಾಂತೆ ಮಹಾಕವಿಯ ನರಕಕಾಂಡದ 26ನೆಯ ಸರ್ಗ. ಮುಪ್ಪಿನಲ್ಲಿಯೂ ಅಜ್ಞಾತಸಮುದ್ರಕ್ಕೆ ಹಡಗನ್ನು ನೂಕಿ ಮುಳುಗಿಹೋದ ಯುಲಿಸಿಸನ ಕಥೆ. ಸಾಲುಗಳು ಪೂರ್ತಿಯಾಗಿ ನೆನಪಿಗೆ ಬಾರವು. ಒಂದು ಬಂದರೆ ಮುಂದಿನದು ಮರೆತಿದೆ. ತುಂಡುತುಂಡನ್ನು ಜೋಡಿಸಿ ಫ್ರೆಂಚ್ ಭಾಷೆಯಲ್ಲಿ ಅರ್ಥ ಹೇಳುತ್ತಾನೆ. ಪಶುಗಳಂತೆ ಬಾಳುವುದಕ್ಕಾಗಿ ಹುಟ್ಟಿದವರು ನೀವಲ್ಲ, ಗುಣಕ್ಕೂ ಜ್ಞಾನಕ್ಕೂ ಹುಟ್ಟಿದವರು ಎಂದು ನಾಯಕನು ಸಂಗಡಿಗರಿಗೆ ಹೇಳುವ ಸ್ಥಳ ಬಂದಾಗ, ಶಾಲೆಯಲ್ಲಿ ಕಲಿತ ಪದ್ಯವು ಆತನಿಗೇ ಮೊದಲ ಸಲ ಕೇಳಿಸಿದಂತಾಗುತ್ತದೆ. ತಾನು ಯಾರು, ಎಲ್ಲಿದ್ದೇನೆ ಎಂಬುದನ್ನು ಒಂದು ಕ್ಷಣ ಮರೆಯುತ್ತಾನೆ. ಮರೆತ ಸಾಲುಗಳು ಸಿಕ್ಕುವುದಾದರೆ ಅಂದಿನ ಸಾರನ್ನೇ ಬಿಟ್ಟುಕೊಡುವೆನೆನ್ನುತ್ತಾನೆ.

ಈ ಮಾತಿನ ಬೆಲೆಯನ್ನು ವಾಚಕರು ವಿಚಾರಿಸಬೇಕು. ಉಂಡು ತೃಪ್ತರಾದ ನಾವು ಕಾವ್ಯವು ಅನ್ನಕ್ಕಿಂತ ಮೇಲೆಂದರೆ ಅದು ಅತಿಶಯೋಕ್ತಿ. ಒಂದು ಹೊತ್ತಿನ ಸಾರು ತಪ್ಪಿದರೆ ಸಾವಿಗೆ ಒಂದು ಹೆಜ್ಜೆ ಹತ್ತಿರವಾಗುವವನು ಅದನ್ನು ಹೇಳಿದಾಗ ಅಲ್ಲಿ ಅಲಂಕಾರವಿಲ್ಲ. ದಾಂತೆಯು ಕಲ್ಪಿಸಿದ ನರಕದಲ್ಲಿ ಪಾಪಕ್ಕೆ ತಕ್ಕ ದಂಡವುಂಟು. ಲೆವಿಯು ಕಂಡ ನರಕದಲ್ಲಿ ಅಪರಾಧವೇ ಇಲ್ಲದೆ ದಂಡನೆ. ಆ ನ್ಯಾಯವುಳ್ಳ ನರಕದ ನೆನಪಿನಿಂದ ಈ ಅನ್ಯಾಯದ ನರಕವು ಮತ್ತಷ್ಟು ಸ್ಪಷ್ಟವಾಗುತ್ತದೆ.

ಈ ಪ್ರಸಂಗವು ವಿದ್ಯಾವಂತನ ಅಲಂಕಾರಪ್ರಿಯತೆಯೆಂದೂ, ಕಾವ್ಯವು ಯಾರನ್ನೂ ಅನಿಲಗೃಹದಿಂದ ಬಿಡಿಸಲಿಲ್ಲವೆಂದೂ ಆಕ್ಷೇಪಿಸಬಹುದು. ಎರಡನೆಯ ಮಾತು ನಿಜವು. ಅದನ್ನು ಲೆವಿಯೂ ಮರೆಮಾಚುವುದಿಲ್ಲ. ಸರದಿಯನ್ನು ಸೇರಿದೊಡನೆ ಅಂದಿನ ಸಾರು ಕೋಸುಗೆಡ್ಡೆಗಳದೆಂಬ ಕೂಗು ಕೇಳುತ್ತದೆ; ಯುಲಿಸಿಸನ ಮೇಲೆ ಮುಚ್ಚಿಕೊಂಡ ಸಮುದ್ರವು ಇವರ ಮೇಲೆಯೂ ಮುಚ್ಚಿಕೊಳ್ಳುತ್ತದೆ. ತಾನು ಬದುಕಿ ಉಳಿದುದಕ್ಕೆ ಆತನು ಮುಖ್ಯವಾಗಿ ಕೃತಜ್ಞನಾಗಿರುವುದು ಕವಿಗಲ್ಲ, ಲೊರೆಂಜೊ ಎಂಬ ಗಾರೆಯವನಿಗೆ. ಈತನು ಆರು ತಿಂಗಳ ಕಾಲ ಪ್ರತಿದಿನವೂ ತನ್ನ ಪಾಲಿನಲ್ಲಿ ರೊಟ್ಟಿಯನ್ನೂ ಸಾರನ್ನೂ ಉಳಿಸಿ ತಂದುಕೊಟ್ಟನು, ಪ್ರತಿಫಲವನ್ನು ಬಯಸಲಿಲ್ಲ. ಆ ಅನ್ನಕ್ಕಿಂತಲೂ, ಒಳ್ಳೆಯತನವಿರುವ ಲೋಕವೊಂದು ಹೊರಗೆ ಇನ್ನೂ ಉಂಟೆಂದು ಆತನ ಇರವೇ ನೆನಪಿಸಿತೆಂದು ಲೆವಿಯು ಹೇಳುತ್ತಾನೆ. ದಾಂತೆಯ ಪದ್ಯವು ಮಾಡಿದುದೂ ಇದೇ ಕೆಲಸವನ್ನು. ಮಹಾಕವಿಯೂ ಗಾರೆಯವನೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಕವಿಗೆ ಇದಕ್ಕಿಂತ ಹಿರಿದಾದ ಗೌರವವಿಲ್ಲ.

ಅಧ್ಯಾಯಗಳು ಬಿಡಿಬಿಡಿಯಾಗಿವೆಯೆಂಬುದು ದೋಷವಾದರೆ, ಅದನ್ನು ಕರ್ತೃವು ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. ಹೇಳಲೇಬೇಕೆಂಬ ತ್ವರೆಯು ಅವುಗಳನ್ನು ಬರೆಯಿಸಿತು. ನಮ್ಮ ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಇಂತಹ ಗ್ರಂಥದಲ್ಲಿ ಸಾಹಿತ್ಯಗುಣವನ್ನು ನೋಡುವುದು ನಿರ್ದಯವಲ್ಲ. ಕೇಳುವವನು ಕಿವಿ ಮುಚ್ಚಿಕೊಳ್ಳದಂತೆ ಸತ್ಯವನ್ನು ಹೇಳಬಲ್ಲ ಶಕ್ತಿಯೇ ಇಲ್ಲಿ ಸಾಹಿತ್ಯವು. ಮಕ್ಕಳಿಗೆ ಪದ್ಯಗಳನ್ನು ಬಾಯಿಪಾಠ ಮಾಡಿಸುವಾಗ ಇವು ಯಾವ ಕೆಲಸಕ್ಕೆ ಬಂದಾವೆಂದು ನಾವು ಸಂಶಯಪಡುವುದುಂಟು. ಯಾವ ಪದ್ಯವು ಯಾವ ಕತ್ತಲೆಯಲ್ಲಿ ಬೇಕಾಗುವುದೋ ಬಲ್ಲವರಾರು?